ಒಂದೇ ಕಣ್ಣಿನಲ್ಲಿ ಪೊರೆಯೂ ಗ್ಲಾಕೋಮಾವೂ: ಶಸ್ತ್ರಚಿಕಿತ್ಸೆಗೆ ಮುನ್ನ ಭಕ್ತರು ತಿಳಿಯಬೇಕಾದದ್ದು

ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ಅದರಲ್ಲಿ ನೆಲೆಗೊಳಿಸುವುದು ನಮ್ಮ ನಿತ್ಯಾಚರಣೆ. ಆದ್ದರಿಂದ ಕಣ್ಣು ನಮಗೆ ಕಾಯಕದ ಸಾಧನವಷ್ಟೇ ಅಲ್ಲ, ಪೂಜೆಯ ಸಾಧನವೂ ಹೌದು. ಈ ಕಾಯವನ್ನು ಪ್ರಸಾದವೆಂದು ಭಾವಿಸುವವರಿಗೆ ಕಣ್ಣನ್ನು ಕಾಪಾಡಿಕೊಳ್ಳುವುದು ಧರ್ಮದ ಒಂದು ಭಾಗವೇ ಆಗಿದೆ.

ಇರಕಲ್ಲಗಡ ಭಾಗದ ಹಳ್ಳಿಗಳಲ್ಲಿಯೂ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ತಾಲ್ಲೂಕುಗಳಲ್ಲಿಯೂ ‘ಕಣ್ಣಿಗೆ ಪೊರೆ ಬಂದಿದೆ’ ಎಂಬ ಮಾತು ಹಿರಿಯರಿರುವ ಮನೆಗಳಿಗೆಲ್ಲ ಪರಿಚಿತವಾದುದು. ಮೋತಿಬಿಂದು ಎಂದೂ ಕರೆಯುವ ಈ ಪೊರೆಯನ್ನು ಶಿಬಿರದಲ್ಲಿ ತೆಗೆಸಿಕೊಂಡು ಮತ್ತೆ ಹೊಲ ಮನೆ ನೋಡಿಕೊಳ್ಳುತ್ತಿರುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆದರೆ ಕೆಲವರ ಕಣ್ಣಿನಲ್ಲಿ ಪೊರೆಯ ಜೊತೆಗೆ ಇನ್ನೊಂದು ಕಾಯಿಲೆ ಸದ್ದಿಲ್ಲದೆ ಅಡಗಿರುತ್ತದೆ. ಅದು ಗ್ಲಾಕೋಮಾ. ಗಡಿಭಾಗದ ಕೆಲವರು ಇದನ್ನು ಕಾಚಬಿಂದು ಎನ್ನುತ್ತಾರೆ. ಎರಡೂ ಒಟ್ಟಿಗೆ ಇರುವಾಗ ಪೊರೆಯೊಂದನ್ನೇ ಲೆಕ್ಕಕ್ಕೆ ಹಿಡಿದು ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡರೆ, ಬಂದ ಬೆಳಕು ಕೆಲವು ವರ್ಷಗಳಲ್ಲಿ ಶಾಶ್ವತವಾಗಿ ಹೋಗಿಬಿಡಬಹುದು. ಆದ್ದರಿಂದ ಇಂಥ ಕಣ್ಣಿಗೆ ಯಾವ ಯಾವ ಚಿಕಿತ್ಸೆಗಳಿವೆ, ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎರಡು ಕಾಯಿಲೆಗಳ ಭೇದ

ಕಣ್ಣಿನ ಪಾಪೆಯ ಹಿಂದೆ ಪಾರದರ್ಶಕವಾದ ಒಂದು ಮಸೂರವಿದೆ. ವಯಸ್ಸಾದಂತೆ ಅದು ಮಬ್ಬಾಗುತ್ತದೆ, ಇದೇ ಪೊರೆ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನಿಟ್ಟರೆ ದೃಷ್ಟಿ ಮರಳುತ್ತದೆ. ಪೊರೆಯಿಂದ ಹೋದ ನೋಟ ಮರಳಿ ಬರುವ ನೋಟ.

ಗ್ಲಾಕೋಮಾದ ಬಗೆ ಬೇರೆ. ಕಣ್ಣಿನೊಳಗೆ ನಿರಂತರವಾಗಿ ಒಂದು ತಿಳಿಯಾದ ದ್ರವ ಹುಟ್ಟುತ್ತ, ಕಪ್ಪುಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜಾಲರಿಯ ಮೂಲಕ ಹೊರಹೋಗುತ್ತಿರುತ್ತದೆ. ಕೆರೆಗೆ ಬರುವ ನೀರೂ ಕೋಡಿಯಿಂದ ಹರಿದುಹೋಗುವ ನೀರೂ ಸಮನಾಗಿದ್ದರೆ ಏರಿಗೆ ಅಪಾಯವಿಲ್ಲ. ಕೋಡಿ ಕಟ್ಟಿಕೊಂಡರೆ ಏರಿಯ ಮೇಲೆ ಒತ್ತಡ ಹೆಚ್ಚುತ್ತದೆ. ಕಣ್ಣಿನಲ್ಲಿಯೂ ಹೀಗೆಯೇ ಒತ್ತಡ ಏರಿ, ಮೆದುಳಿಗೆ ನೋಟವನ್ನೊಯ್ಯುವ ದೃಷ್ಟಿನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಆದರೆ ಒತ್ತಡ ಈ ಮಿತಿಯೊಳಗಿದ್ದರೂ ನರ ಹಾಳಾಗುವ ಗ್ಲಾಕೋಮಾವೂ ಉಂಟು. ಸತ್ತ ನರವನ್ನು ಬದುಕಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಗ್ಲಾಕೋಮಾದಿಂದ ಹೋದ ನೋಟ ಮರಳಿ ಬಾರದ ನೋಟ.

ಗ್ಲಾಕೋಮಾದ ಇನ್ನೊಂದು ಮೋಸವೆಂದರೆ ಅದು ಅಂಚಿನಿಂದ ಆರಂಭವಾಗಿ ನಡುವಿಗೆ ಬರುತ್ತದೆ. ಅಂಗೈಯ ಲಿಂಗ ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಆದರೆ ಪಕ್ಕದಿಂದ ಬರುವ ಎತ್ತು, ಕಾಲಬುಡದ ಹೊಸ್ತಿಲು, ರಸ್ತೆಯ ಬದಿಯ ಬೈಕು ಕಾಣುವುದಿಲ್ಲ. ನೋವೂ ಇರುವುದಿಲ್ಲ. ‘ವಯಸ್ಸಾಯಿತು, ಎಡವುತ್ತಾರೆ’ ಎಂದು ಮನೆಯವರು ಸುಮ್ಮನಾಗುತ್ತಾರೆ. ತಮಿಳುನಾಡಿನ ಮದುರೈ ಸುತ್ತಮುತ್ತಲಿನ ಗ್ರಾಮಗಳಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು ಸಮೀಕ್ಷೆ ನಡೆಸಿದಾಗ, ಗ್ಲಾಕೋಮಾ ಇದ್ದ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ಆ ಕಾಯಿಲೆ ಇದೆ ಎಂಬುದೇ ತಿಳಿದಿರಲಿಲ್ಲ.

ಒಂದು ಇನ್ನೊಂದನ್ನು ಕೆಣಕುವ ಬಗೆ

ಎರಡೂ ಕಾಯಿಲೆಗಳು ವಯಸ್ಸಿನೊಡನೆ ಹೆಚ್ಚುವುದರಿಂದ ಒಂದೇ ಕಣ್ಣಿನಲ್ಲಿ ಸೇರುವುದು ಅಪರೂಪವಲ್ಲ. ಇದರ ಮೇಲೆ ಇನ್ನೂ ಕೆಲವು ನೇರ ಸಂಬಂಧಗಳಿವೆ.

ಪೊರೆ ಬೆಳೆದಂತೆ ಮಸೂರ ದಪ್ಪವಾಗುತ್ತದೆ. ಕೆಲವರಲ್ಲಿ ಅದು ಮುಂದಕ್ಕೆ ಒತ್ತಿ ದ್ರವ ಹೊರಹೋಗುವ ಮೂಲೆಯನ್ನೇ ಮುಚ್ಚುತ್ತದೆ. ಪೊರೆ ಅತಿಯಾಗಿ ಹಣ್ಣಾದರೆ ಅದರೊಳಗಿನ ದ್ರವ್ಯ ಸೋರಿ ಜಾಲರಿಗೆ ಅಂಟಿಕೊಳ್ಳುತ್ತದೆ. ಎರಡೂ ಸಂದರ್ಭಗಳಲ್ಲಿ ಒತ್ತಡ ಒಮ್ಮೆಲೇ ಏರಿ ಕಣ್ಣು ಕೆಂಪಾಗುವುದು, ತಲೆ ಸಿಡಿಯುವಂಥ ನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಇದು ತುರ್ತು ಚಿಕಿತ್ಸೆ ಬೇಡುವ ಸ್ಥಿತಿ. ಪಿತ್ತವೆಂದೋ ದೃಷ್ಟಿದೋಷವೆಂದೋ ತಡಮಾಡಿದರೆ ಕೆಲವೇ ದಿನಗಳಲ್ಲಿ ಕಣ್ಣು ಹೋಗುತ್ತದೆ. ‘ಪೊರೆ ಇನ್ನೂ ಹಣ್ಣಾಗಲಿ, ಸುಗ್ಗಿ ಮುಗಿಯಲಿ’ ಎಂದು ವರ್ಷಗಟ್ಟಲೆ ಮುಂದೂಡುವುದು ಹಳೆಯ ಕಾಲದ ಪದ್ಧತಿ. ಇಂದಿನ ಶಸ್ತ್ರಚಿಕಿತ್ಸೆಗೆ ಪೊರೆ ಹಣ್ಣಾಗಬೇಕಿಲ್ಲ.

ಇನ್ನೊಂದು ಅಪಾಯ ನಾವೇ ತಂದುಕೊಳ್ಳುವಂಥದು. ಕಣ್ಣು ತುರಿಸಿದಾಗ, ಕೆಂಪಾದಾಗ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಹನಿಗಳಲ್ಲಿ ಅನೇಕವುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಕೆಲವರಲ್ಲಿ ಒತ್ತಡವನ್ನೂ ಏರಿಸುತ್ತದೆ, ಪೊರೆಯನ್ನೂ ಬೆಳೆಸುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು

ಪೊರೆಯ ಮಬ್ಬಿನಿಂದ ಹೋದ ನೋಟವೆಷ್ಟು, ನರ ಹಾಳಾಗಿ ಹೋದ ನೋಟವೆಷ್ಟು ಎಂಬುದನ್ನು ಆದಷ್ಟು ಬೇರ್ಪಡಿಸಿಕೊಳ್ಳುವುದು ಮೊದಲ ಕೆಲಸ. ಇದಕ್ಕಾಗಿ ವೈದ್ಯರು ಕಣ್ಣಿನ ಒತ್ತಡವನ್ನು ಅಳೆಯುತ್ತಾರೆ, ಕನ್ನಡಿಯಿರುವ ಮಸೂರವನ್ನಿಟ್ಟು ದ್ರವ ಹೊರಹೋಗುವ ಮೂಲೆ ತೆರೆದಿದೆಯೋ ಮುಚ್ಚಿದೆಯೋ ನೋಡುತ್ತಾರೆ, ದೃಷ್ಟಿನರವನ್ನು ಪರೀಕ್ಷಿಸುತ್ತಾರೆ, ಸುತ್ತಲಿನ ನೋಟ ಎಷ್ಟು ಉಳಿದಿದೆ ಎಂದು ಯಂತ್ರದ ಮುಂದೆ ಕೂರಿಸಿ ಅಳೆಯುತ್ತಾರೆ, ಸಾಧ್ಯವಿದ್ದಲ್ಲಿ ನರದ ಎಳೆಗಳ ದಪ್ಪವನ್ನು ಓ.ಸಿ.ಟಿ. ಯಂತ್ರದಿಂದ ತಿಳಿಯುತ್ತಾರೆ. ಪೊರೆ ದಟ್ಟವಾಗಿದ್ದರೆ ಕೊನೆಯ ಈ ಎರಡು ಪರೀಕ್ಷೆಗಳು ಸ್ಪಷ್ಟವಾಗುವುದಿಲ್ಲ. ಆಗ ಪೊರೆ ತೆಗೆದ ಬಳಿಕ ಮತ್ತೆ ಮಾಡಿಸಬೇಕಾಗುತ್ತದೆ.

ರೋಗಿ ತಾನಾಗಿ ಹೇಳಬೇಕಾದ ಸಂಗತಿಗಳೂ ಇವೆ. ದಮ್ಮು ಇರುವವರಿಗೆ ಹಾಗೂ ಹೃದಯದ ಬಡಿತ ನಿಧಾನವಿರುವವರಿಗೆ ಟಿಮೊಲಾಲ್ ಎಂಬ ಹನಿ ಅಪಾಯಕರವಾಗಬಹುದು. ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಗುಳಿಗೆ ಸೇವಿಸುವ ಹಿರಿಯರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಪಾಪೆ ಸರಿಯಾಗಿ ಹಿಗ್ಗದು. ಮೊದಲೇ ತಿಳಿದರೆ ವೈದ್ಯರು ಸಿದ್ಧರಾಗಿರುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತೆಳುಮಾಡುವ ಗುಳಿಗೆಗಳ ಬಗ್ಗೆಯೂ ತಿಳಿಸಬೇಕು.

ಶಸ್ತ್ರಚಿಕಿತ್ಸೆಯ ಮಾರ್ಗಗಳು

ಮೊದಲನೆಯದು, ಪೊರೆಯನ್ನಷ್ಟೇ ತೆಗೆದು ಗ್ಲಾಕೋಮಾಕ್ಕೆ ಹನಿಗಳನ್ನು ಮುಂದುವರಿಸುವುದು. ಗ್ಲಾಕೋಮಾ ಆರಂಭದ ಹಂತದಲ್ಲಿದ್ದು, ಒಂದೆರಡು ಹನಿಗಳಿಂದ ಒತ್ತಡ ಹತೋಟಿಯಲ್ಲಿದ್ದವರಿಗೆ ಇದು ಸಾಮಾನ್ಯವಾಗಿ ಸಾಕಾಗುತ್ತದೆ. ದಪ್ಪವಾದ ಮಸೂರ ಹೋಗಿ ತೆಳುವಾದ ಕೃತಕ ಮಸೂರ ಬರುವುದರಿಂದ ಒತ್ತಡವೂ ತುಸು ಇಳಿಯುತ್ತದೆ. ಮೂಲೆ ತೆರೆದಿರುವ ಗ್ಲಾಕೋಮಾದಲ್ಲಿ ಈ ಇಳಿಕೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರಿನಷ್ಟು. ಆದರೆ ಕಾಲ ಕಳೆದಂತೆ ಈ ಲಾಭ ಕರಗಬಹುದು. ಆದ್ದರಿಂದ ‘ಆಪರೇಷನ್ ಆಯಿತು’ ಎಂದು ಹನಿಗಳನ್ನು ತಾವಾಗಿ ನಿಲ್ಲಿಸಬಾರದು.

ಮೂಲೆ ಮುಚ್ಚಿರುವ ಗ್ಲಾಕೋಮಾದಲ್ಲಿ ಪೊರೆ ತೆಗೆಯುವುದರ ಪ್ರಯೋಜನ ಇನ್ನೂ ಹೆಚ್ಚು. ಐದು ದೇಶಗಳ ಆಸ್ಪತ್ರೆಗಳಲ್ಲಿ 419 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಈಗಲ್ ಎಂಬ ಅಧ್ಯಯನ, 50 ದಾಟಿದ ಇಂಥ ರೋಗಿಗಳಲ್ಲಿ ಪೊರೆಯಾಗದ ಮಸೂರವನ್ನು ತೆಗೆಯುವುದು ಸಹ ಲೇಸರ್ ರಂಧ್ರ ಮಾಡುವುದಕ್ಕಿಂತ ಉತ್ತಮ ಫಲ ಕೊಟ್ಟಿತೆಂದು ತೋರಿಸಿತು. ಹೀಗಿರುವಾಗ ಮೂಲೆ ಮುಚ್ಚಿದ್ದೂ ಪೊರೆಯೂ ಇದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದಕ್ಕೆ ಕಾರಣ ಉಳಿಯುವುದಿಲ್ಲ.

ಎರಡನೆಯದು, ಪೊರೆ ತೆಗೆಯುವಾಗಲೇ ಕಣ್ಣೊಳಗಿನ ಜಾಲರಿಯಲ್ಲಿ ಸಣ್ಣ ದಾರಿ ಮಾಡುವುದು. ಕೂದಲೆಳೆಯಷ್ಟು ಸೂಕ್ಷ್ಮವಾದ ಸ್ಟೆಂಟ್ ಇಡುವುದು, ಜಾಲರಿಯ ಒಂದು ಭಾಗವನ್ನು ಸೀಳುವುದು ಮುಂತಾದ ವಿಧಾನಗಳು ಇದರಲ್ಲಿ ಸೇರುತ್ತವೆ. ಐಸ್ಟೆಂಟ್ ಎಂಬುದಕ್ಕೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆತ ಮೇಲೆ ಈ ಮಾರ್ಗ ಪ್ರಚಾರಕ್ಕೆ ಬಂತು. ಕಣ್ಣಿಗೆ ಆಘಾತ ಕಡಿಮೆ, ಚೇತರಿಕೆ ಬೇಗ. ಆದರೆ ಒತ್ತಡದ ಇಳಿಕೆ ಸಾಧಾರಣ. ಸ್ಟೆಂಟಿನ ಬೆಲೆ ಹೆಚ್ಚು. ಕಾಯಿಲೆ ಸೌಮ್ಯ ಅಥವಾ ಮಧ್ಯಮ ಹಂತದಲ್ಲಿದ್ದು ಹನಿಗಳ ಸಂಖ್ಯೆ ಕಡಿಮೆಯಾಗಲಿ ಎನ್ನುವವರಿಗೆ ಇದು ಹೊಂದುತ್ತದೆ. ನರ ಬಹಳ ಹಾಳಾದವರಿಗೆ ಸಾಲದು.

ಮೂರನೆಯದು, ಪೊರೆಯ ಶಸ್ತ್ರಚಿಕಿತ್ಸೆಯನ್ನೂ ಟ್ರಾಬೆಕ್ಯುಲೆಕ್ಟಮಿಯನ್ನೂ ಒಂದೇ ಸಲಕ್ಕೆ ಮಾಡುವುದು. 1968ರಲ್ಲಿ ಇಂಗ್ಲೆಂಡಿನ ವೈದ್ಯ ಕೇರ್ನ್ಸ್ ವಿವರಿಸಿದ ಟ್ರಾಬೆಕ್ಯುಲೆಕ್ಟಮಿ ಇಂದಿಗೂ ಗ್ಲಾಕೋಮಾದ ಮುಖ್ಯ ಶಸ್ತ್ರಚಿಕಿತ್ಸೆಯಾಗಿ ಉಳಿದಿದೆ. ಕಣ್ಣಿನ ಬಿಳಿಭಾಗದಲ್ಲಿ ಮೇಲ್ರೆಪ್ಪೆಯ ಅಡಿ ಒಂದು ಸಣ್ಣ ಕಿಂಡಿ ಮಾಡಿ, ದ್ರವ ಅಲ್ಲಿಂದ ಸೋಸಿ ತೆಳುಪೊರೆಯ ಅಡಿ ಸೇರುವಂತೆ ಮಾಡುತ್ತಾರೆ. ಅಲ್ಲಿ ಉಂಟಾಗುವ ಚಿಕ್ಕ ಗುಳ್ಳೆಗೆ ಬ್ಲೆಬ್ ಎನ್ನುತ್ತಾರೆ. ಗಾಯ ಕೂಡಿಕೊಂಡು ದಾರಿ ಮುಚ್ಚದಿರಲೆಂದು ಮೈಟೋಮೈಸಿನ್ ಎಂಬ ಔಷಧಿಯನ್ನು ಸವರುತ್ತಾರೆ. ನರ ಹೆಚ್ಚು ಹಾಳಾದವರಿಗೆ, ಎರಡು ಮೂರು ಹನಿ ಹಾಕಿದರೂ ಒತ್ತಡ ಇಳಿಯದವರಿಗೆ, ಹನಿಯ ವೆಚ್ಚ ಭರಿಸಲಾಗದವರಿಗೆ ಈ ಜೋಡಿ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಒಂದೇ ಸಲ ಆಸ್ಪತ್ರೆಗೆ ಸೇರುವುದು, ಒಂದೇ ವೆಚ್ಚ, ಪೊರೆಯ ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಒತ್ತಡ ದಿಢೀರನೆ ಏರುವುದರಿಂದ ಹೆಚ್ಚಿನ ರಕ್ಷಣೆ ಇವು ಇದರ ಅನುಕೂಲಗಳು. ಬ್ಲೆಬ್ ಸೋರುವುದು, ಒತ್ತಡ ಅತಿಯಾಗಿ ಇಳಿಯುವುದು, ವರ್ಷಗಳ ಬಳಿಕವೂ ಸೋಂಕು ತಗಲುವ ಸಾಧ್ಯತೆ, ನೋಟ ತಿಳಿಯಾಗಲು ಕೆಲವು ವಾರ ಹಿಡಿಯುವುದು ಇವು ತೊಡಕುಗಳು.

ನಾಲ್ಕನೆಯದು, ಎರಡನ್ನೂ ಬೇರೆ ಬೇರೆ ಸಮಯದಲ್ಲಿ ಮಾಡುವುದು. ಒತ್ತಡ ಬಹಳ ಏರಿದ್ದು ಪೊರೆ ಅಷ್ಟಾಗಿ ಬಾಧಿಸದಿದ್ದರೆ ಗ್ಲಾಕೋಮಾದ ಶಸ್ತ್ರಚಿಕಿತ್ಸೆಯೇ ಮೊದಲು. ಒಂದೇ ಸಲ ಮಾಡಿದ್ದಕ್ಕಿಂತ ಹೀಗೆ ಮಾಡಿದಾಗ ಒತ್ತಡ ಹೆಚ್ಚು ಚೆನ್ನಾಗಿ ಇಳಿಯುವುದುಂಟು. ಆದರೆ ಟ್ರಾಬೆಕ್ಯುಲೆಕ್ಟಮಿಯ ನಂತರ ಪೊರೆ ಬೇಗ ಬೆಳೆಯುತ್ತದೆ. ಅದನ್ನು ತೆಗೆಯುವಾಗ ಮೊದಲಿನ ದಾರಿ ಮುಚ್ಚಿಕೊಳ್ಳುವ ಭಯವೂ ಇದೆ. ಆದ್ದರಿಂದ ಎರಡರ ನಡುವೆ ಕನಿಷ್ಠ ಆರು ತಿಂಗಳ ಅಂತರವನ್ನು ವೈದ್ಯರು ಬಯಸುತ್ತಾರೆ. ಕೆಲವರಿಗೆ ಇದರ ವಿರುದ್ಧ ಕ್ರಮವೇ ಸರಿ: ಮೊದಲು ಪೊರೆ ತೆಗೆದು, ಒತ್ತಡ ಎಷ್ಟು ಇಳಿಯಿತೆಂದು ಕಂಡು, ಬೇಕಾದರೆ ಗ್ಲಾಕೋಮಾದ ಶಸ್ತ್ರಚಿಕಿತ್ಸೆ.

ಐದನೆಯದು, ನಳಿಕೆ ಅಳವಡಿಸುವುದು. ಹಿಂದಿನ ಟ್ರಾಬೆಕ್ಯುಲೆಕ್ಟಮಿ ವಿಫಲವಾದವರಿಗೆ, ಪೆಟ್ಟಿನಿಂದಲೋ ಸಕ್ಕರೆ ಕಾಯಿಲೆಯಿಂದಲೋ ಕ್ಲಿಷ್ಟ ಗ್ಲಾಕೋಮಾ ಬಂದವರಿಗೆ ಸಣ್ಣ ನಳಿಕೆಯ ಮೂಲಕ ದ್ರವವನ್ನು ಹಿಂಬದಿಗೆ ಸಾಗಿಸುತ್ತಾರೆ. ಅರವಿಂದ ಸಂಸ್ಥೆಯ ಅಂಗವಾದ ಮದುರೈನ ಅರೋಲ್ಯಾಬ್ ಈಗ ಇಂಥ ನಳಿಕೆಯನ್ನು ನಮ್ಮ ದೇಶದಲ್ಲಿಯೇ, ವಿದೇಶದ್ದಕ್ಕಿಂತ ಬಹಳ ಕಡಿಮೆ ಬೆಲೆಗೆ ತಯಾರಿಸುತ್ತಿದೆ.

ಕೃತಕ ಮಸೂರವನ್ನು ಆರಿಸುವಾಗಲೂ ಒಂದು ಎಚ್ಚರಿಕೆ ಬೇಕು. ದೂರಕ್ಕೂ ಹತ್ತಿರಕ್ಕೂ ಕನ್ನಡಕವೇ ಬೇಡವೆನ್ನುವ ದುಬಾರಿ ಬಹುನಾಭಿ ಮಸೂರಗಳು ಬೆಳಕನ್ನು ಹಂಚುವುದರಿಂದ ನೋಟದ ಗಾಢತೆಯನ್ನು ಕುಗ್ಗಿಸುತ್ತವೆ. ಗ್ಲಾಕೋಮಾ ಬಲಿತ ಕಣ್ಣಿನಲ್ಲಿ ಆ ಗಾಢತೆ ಮೊದಲೇ ಕುಗ್ಗಿರುತ್ತದೆ. ಇಂಥವರಿಗೆ ಒಂದೇ ದೂರದ ಸಾಮಾನ್ಯ ಮಸೂರವೇ ಲೇಸು.

ಊರಿನ ದೂರವೂ ಒಂದು ಲೆಕ್ಕ

ಯಾವ ಮಾರ್ಗ ಎಂಬುದು ಕಣ್ಣಿನ ಸ್ಥಿತಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಟ್ರಾಬೆಕ್ಯುಲೆಕ್ಟಮಿಯಾದವರು ಮೊದಲ ವಾರದಲ್ಲಿ, ಅನಂತರವೂ ಒಂದೆರಡು ತಿಂಗಳು ಮತ್ತೆ ಮತ್ತೆ ವೈದ್ಯರಿಗೆ ತೋರಿಸಬೇಕು. ಹೊಲಿಗೆ ಸಡಿಲಿಸುವುದು, ಔಷಧಿ ಬದಲಿಸುವುದು ಆ ಭೇಟಿಗಳಲ್ಲಿಯೇ ನಡೆಯುತ್ತದೆ. ಶಸ್ತ್ರಚಿಕಿತ್ಸೆಯ ಅರ್ಧದಷ್ಟು ಯಶಸ್ಸು ಅಲ್ಲಿದೆ. ಇರಕಲ್ಲಗಡದಿಂದ ಹುಬ್ಬಳ್ಳಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್. ವೃದ್ಧರನ್ನು ಕರೆದುಕೊಂಡು ಹೋಗುವವರು ಯಾರು, ಆ ದಿನದ ಕೂಲಿಯ ಗತಿಯೇನು, ಬಿತ್ತನೆಯ ಕಾಲದಲ್ಲಿ ಯಾರು ಬರುತ್ತಾರೆ ಎಂಬುದನ್ನು ಮನೆಯವರು ಮೊದಲೇ ಕೂತು ಮಾತನಾಡಿಕೊಂಡು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಜೀವನಪರ್ಯಂತ ಹನಿ ಹಾಕಲು ಸಾಧ್ಯವೇ ಎಂಬುದನ್ನೂ ಹೇಳಬೇಕು. ಒಬ್ಬರೇ ವಾಸಿಸುವ, ಕೈ ನಡುಗುವ ತಾಯಿಗೆ ದಿನಕ್ಕೆ ಮೂರು ಬಗೆಯ ಹನಿ ಬರೆದುಕೊಟ್ಟರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ.

ಮೊದಲ ಪರೀಕ್ಷೆಗೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಬಹುದು. ಗ್ಲಾಕೋಮಾದ ವಿಶೇಷ ಶಸ್ತ್ರಚಿಕಿತ್ಸೆ ಬೇಕಾದಾಗ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಲ್ಲಿನ ಎಂ. ಎಂ. ಜೋಶಿ ಕಣ್ಣಿನ ಆಸ್ಪತ್ರೆ, ಬೆಂಗಳೂರಿನ ಶತಮಾನ ದಾಟಿದ ಮಿಂಟೋ ಆಸ್ಪತ್ರೆಗಳಿವೆ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳಡಿ ದೊರೆಯುವ ನೆರವನ್ನು ಆಸ್ಪತ್ರೆಗೆ ಸೇರುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಒಯ್ಯಬೇಕು.

ಶಿಬಿರಗಳ ಉಪಕಾರವನ್ನು ನಮ್ಮ ನಾಡು ಮರೆಯಲಾಗದು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರ ನಡೆಸಿ ಅಸಂಖ್ಯ ಬಡವರಿಗೆ ಬೆಳಕು ಕೊಟ್ಟರು. ಅದು ನಿಜವಾದ ದಾಸೋಹ. ಆ ಪರಂಪರೆಗೆ ಇಂದು ಸೇರಬೇಕಾದದ್ದು ಒಂದೇ: ಪೊರೆಯ ಪರೀಕ್ಷೆಗೆ ಬಂದ ಪ್ರತಿಯೊಬ್ಬರ ಒತ್ತಡವನ್ನೂ ದೃಷ್ಟಿನರವನ್ನೂ ನೋಡುವುದು. ಶಿಬಿರಕ್ಕೆ ಹೋದವರು ‘ನನ್ನ ಒತ್ತಡ ಎಷ್ಟು? ನರ ಹೇಗಿದೆ?’ ಎಂದು ಕೇಳಬೇಕು. ಕೇಳುವುದರಲ್ಲಿ ಸಂಕೋಚ ಬೇಡ.

ಚಿಕಿತ್ಸೆಯ ನಂತರದ ನಡೆ

ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ವಾರ ಆಚರಣೆಗಳಲ್ಲಿಯೂ ಕೆಲವು ಬದಲಾವಣೆ ಅಗತ್ಯ. ಇಷ್ಟಲಿಂಗವನ್ನಾಗಲಿ ಪ್ರಸಾದವನ್ನಾಗಲಿ ಕಣ್ಣಿಗೆ ಒತ್ತಿಕೊಳ್ಳಬಾರದು. ಪಾದೋದಕವನ್ನು ಸೇವಿಸಬಹುದು, ಕಣ್ಣಿಗೆ ಹಚ್ಚಿಕೊಳ್ಳಬಾರದು. ವಿಭೂತಿಯ ಕಣ ಕಣ್ಣಿಗೆ ಬೀಳದಂತೆ ಹಣೆಯ ಬದಲು ತೋಳು ಎದೆಗಳಿಗೆ ಧರಿಸಬಹುದು. ದೀರ್ಘದಂಡ ನಮಸ್ಕಾರ ಬೇಡ. ಕೈಮುಗಿದು ನಿಂತರೆ ಸಾಕು. ತಲೆಯ ಮೇಲೆ ನೀರು ಸುರಿದುಕೊಳ್ಳುವ ಸ್ನಾನ, ಒಲೆಯ ಹೊಗೆ, ಜಾತ್ರೆಯ ಧೂಳು, ಭಾರ ಎತ್ತುವುದು ವೈದ್ಯರು ಅನುಮತಿಸುವವರೆಗೆ ಬೇಡ. ಗ್ಲಾಕೋಮಾ ಇರುವವರು ಶೀರ್ಷಾಸನವನ್ನು ಎಂದಿಗೂ ಮಾಡಬಾರದು. ತಲೆಕೆಳಗಾದಾಗ ಕಣ್ಣಿನ ಒತ್ತಡ ಬಹಳ ಏರುತ್ತದೆ.

ಶಿವರಾತ್ರಿಯ ಉಪವಾಸದಂದು, ಶ್ರಾವಣದ ವ್ರತದಲ್ಲಿ ಹನಿಯನ್ನು ಬಿಡುವವರಿದ್ದಾರೆ. ಕಣ್ಣಿನ ಹನಿ ಆಹಾರವಲ್ಲ. ಅದರಿಂದ ವ್ರತಕ್ಕೆ ಭಂಗವಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೊಡುವ ಹನಿಗಳಲ್ಲಿ ಸ್ಟೀರಾಯ್ಡ್ ಇರುವುದರಿಂದ ಹೇಳಿದಷ್ಟು ದಿನ ಮಾತ್ರ ಹಾಕಬೇಕು. ಟ್ರಾಬೆಕ್ಯುಲೆಕ್ಟಮಿಯಾದ ಕಣ್ಣು ಎಷ್ಟು ವರ್ಷಗಳ ಬಳಿಕವಾದರೂ ಕೆಂಪಾಗಿ, ನೋವಾಗಿ, ಪಿಚ್ಚು ಬಂದು, ನೋಟ ಮಂಕಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯಬಾರದು.

ಇನ್ನೊಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಪಕ್ಕದ ಮನೆಯವರು ಪೊರೆ ತೆಗೆಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿರಬಹುದು. ಗ್ಲಾಕೋಮಾ ಬಲಿತವರಿಗೆ ಅಷ್ಟು ನೋಟ ಬಾರದಿರಬಹುದು. ನರ ಬಹಳ ಕ್ಷೀಣಿಸಿದವರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಉಳಿದ ನೋಟವೂ ಹೋಗುವ ಅಪಾಯ ಅಪರೂಪಕ್ಕಾದರೂ ಇದೆ. ಇಲ್ಲಿ ಚಿಕಿತ್ಸೆಯ ಗುರಿ ಹೋದದ್ದನ್ನು ತರುವುದಲ್ಲ, ಇದ್ದದ್ದನ್ನು ಉಳಿಸುವುದು.

ನೇತ್ರದಾನ ಮತ್ತು ಗ್ಲಾಕೋಮಾ

ಕೊಪ್ಪಳದ ಗವಿಮಠದ ಜಾತ್ರೆಯ ಸಂದರ್ಭದಲ್ಲಿ ‘ಕೃಪಾದೃಷ್ಟಿ’ ಎಂಬ ಹೆಸರಿನಲ್ಲಿ ನೇತ್ರದಾನದ ಜಾಗೃತಿ ನಡಿಗೆ ನಡೆದದ್ದು ಈ ಭಾಗದ ಭಕ್ತರಿಗೆ ನೆನಪಿದೆ. ಅದರಿಂದ ಕೆಲವರಲ್ಲಿ ‘ಗ್ಲಾಕೋಮಾದಿಂದ ಕಣ್ಣು ಹೋದರೆ ದಾನದ ಕಣ್ಣು ಹಾಕಿಸಬಹುದು’ ಎಂಬ ಭಾವನೆ ಮೂಡಿದೆ. ದಾನವಾಗಿ ಬಂದ ಕಣ್ಣಿನಿಂದ ಕಸಿ ಮಾಡುವುದು ಮುಂಭಾಗದ ಪಾರದರ್ಶಕ ಪಟಲವನ್ನು ಮಾತ್ರ. ಆ ಪಟಲ ಬೆಳ್ಳಗಾಗಿ ಕುರುಡಾದವರಿಗೆ ಅದು ಬೆಳಕು ಕೊಡುತ್ತದೆ. ಸತ್ತ ದೃಷ್ಟಿನರಕ್ಕೆ ಕಸಿಯಿಲ್ಲ. ನೇತ್ರದಾನದ ಪುಣ್ಯ ದೊಡ್ಡದು. ಆದರೆ ಗ್ಲಾಕೋಮಾಕ್ಕೆ ಅದು ಉತ್ತರವಲ್ಲ.

ಮನೆಮಂದಿಯ ಹೊಣೆ

ಗ್ಲಾಕೋಮಾ ವಂಶದಲ್ಲಿ ಹರಿಯುವ ಕಾಯಿಲೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಬರುವ ಸಂಭವ ಹಲವು ಪಟ್ಟು ಹೆಚ್ಚು. ಆದ್ದರಿಂದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದ ಮಗನೂ ಮಗಳೂ ನಲವತ್ತು ದಾಟಿದ್ದರೆ ಅದೇ ದಿನ ತಮ್ಮ ಒತ್ತಡವನ್ನೂ ನೋಡಿಸಿಕೊಳ್ಳಬೇಕು. ಕೆಲವೇ ನಿಮಿಷಗಳ ಪರೀಕ್ಷೆ ಅದು.

ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮುನ್ನ ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಿರಿ. ಪೊರೆಯ ಜೊತೆಗೆ ಗ್ಲಾಕೋಮಾ ಇದೆಯೇ? ಇದ್ದರೆ ಯಾವ ಬಗೆ, ಯಾವ ಹಂತ? ಒಂದೇ ಸಲವೋ ಎರಡು ಸಲವೋ, ಅದು ನನಗೇಕೆ ಹೊಂದುತ್ತದೆ? ಅನಂತರ ಎಷ್ಟು ಸಲ ಬರಬೇಕು, ಯಾವ ಹನಿ ಎಷ್ಟು ಕಾಲ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಮನೆಯ ಓದಬಲ್ಲವರ ಕೈಗೆ ಕೊಡಿರಿ. ಉಳಿದ ನೋಟ ಎಷ್ಟೇ ಇರಲಿ, ಅದು ಜೀವನದ ಕೊನೆಯವರೆಗೂ ಅಂಗೈಯ ಲಿಂಗವನ್ನು ಕಾಣುವಷ್ಟು ಉಳಿಯಲಿ.